ಟ್ರೈಲರ್ ಹಾಯಿದೋಣಿ, ರೆಸಾರ್ಟಿನ ಡಾಕ್, ಎರಡು ದಿನ: ಸುಸ್ತಾಗದೆ ಹೋಗಿಬರುವುದು ಹೇಗೆ

ಕಾರಿನ ಹಿಂದೆ ಎಳೆದುಕೊಂಡು ಹೋಗುವಂಥ ಸಣ್ಣ ಹಾಯಿದೋಣಿ ಇಟ್ಟುಕೊಂಡವರಿಗೆಲ್ಲ ಒಂದು ಆಸೆ ಇದ್ದೇ ಇರುತ್ತದೆ. ಶನಿವಾರ ಬೆಳಿಗ್ಗೆ ದೋಣಿ ನೀರಿಗಿಳಿಸಬೇಕು. ಹಾಯಿ ಬಿಚ್ಚಿ ನಿಧಾನವಾಗಿ ಹೋಗಬೇಕು. ಸಂಜೆಯೊಳಗೆ ದಡದ ಮೇಲಿನ ಯಾವುದಾದರೂ ರೆಸಾರ್ಟಿನ ಡಾಕಿಗೆ ದೋಣಿ ಕಟ್ಟಿ, ಬಿಸಿನೀರಲ್ಲಿ ಸ್ನಾನ ಮಾಡಿ, ಕಾಲು ಚಾಚಿ ಕೂರಬೇಕು. ಇದೇನು ದೊಡ್ಡ ಕನಸಲ್ಲ, ಮಾಡಬಹುದು. ಆದರೆ ನಾನು ಮೊದಲೆರಡು ಸಲ ಹೋಗಿಬಂದಾಗ ರಜೆ ಮುಗಿಸಿ ಬಂದ ಹಾಗಿರಲಿಲ್ಲ, ಮನೆ ಖಾಲಿ ಮಾಡಿ ಸಾಮಾನು ಸಾಗಿಸಿದ ಹಾಗಿತ್ತು.

ದೋಣಿ ಓಡಿಸುವುದರಲ್ಲಿ ತಪ್ಪಿರಲಿಲ್ಲ, ಗಂಟೆಗಳ ಲೆಕ್ಕದಲ್ಲಿತ್ತು. ಎರಡು ದಿನದ ಪ್ರಯಾಣದಲ್ಲಿ ನಿಮ್ಮ ಸಮಯ ತಿನ್ನುವುದು ನೀರಲ್ಲ, ನೆಲ. ಟ್ರೈಲರ್ ಎಳೆಯುವುದು, ಹಾಯಿ ಕಟ್ಟುವ ಕಂಬ, ಅಂದರೆ ಮಾಸ್ಟ್, ನಿಲ್ಲಿಸುವುದು, ದೋಣಿ ನೀರಿಗಿಳಿಸುವ ಇಳಿಜಾರಾದ ರ‍್ಯಾಂಪಿನಲ್ಲಿ ಸರದಿ ಕಾಯುವುದು, ವಾಪಸ್ ಬಂದ ಮೇಲೆ ಇದನ್ನೆಲ್ಲ ಉಲ್ಟಾ ಮಾಡುವುದು. ಇದಕ್ಕೆಲ್ಲ ಹೋದಮೇಲೆ ಉಳಿದ ಗಂಟೆಗಳಲ್ಲಿ ಎಷ್ಟು ದೂರ ಹೋಗಬಹುದು ಅಂತ ನೋಡಿ ಜಾಗ ಆರಿಸಬೇಕು. ನಾವು ಮಾಡುವುದು ಉಲ್ಟಾ. ಮೊದಲು ಚೆಂದದ ರೆಸಾರ್ಟ್ ಆರಿಸುತ್ತೇವೆ, ಆಮೇಲೆ ಅಲ್ಲಿಗೆ ಮುಟ್ಟಲು ಒದ್ದಾಡುತ್ತೇವೆ.

ಎಷ್ಟು ದೂರ ಇಟ್ಟುಕೊಳ್ಳಬೇಕು

20 ಅಡಿಯ ಆಸುಪಾಸಿನ ದೋಣಿ ಎಷ್ಟೇ ಗಾಳಿ ಬಂದರೂ ಓಡುವ ವೇಗಕ್ಕೆ ಒಂದು ಮಿತಿ ಇದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್ ಲೆಕ್ಕದಲ್ಲಿ ಸಿಗುತ್ತದೆ. 19 ಅಡಿ ಅಂದರೆ ಸುಮಾರು 5.8 ನಾಟ್. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿಲೋಮೀಟರ್. ಅಂದಮೇಲೆ ನಿಮ್ಮ ದೋಣಿಯ ಅತಿ ಹೆಚ್ಚಿನ ವೇಗ ಒಬ್ಬ ಸಾಧಾರಣ ಓಟಗಾರನ ವೇಗ. ಅದೂ ಗಾಳಿ ಸರಿಯಾಗಿ ಬೀಸಿದಾಗ ಮಾತ್ರ. ಪ್ಲಾನ್ ಮಾಡುವಾಗ 3 ನಾಟ್ ಅಂತ ಹಿಡಿಯಿರಿ, ಜಾಸ್ತಿ ಹಿಡಿಯಬೇಡಿ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಹೋಗಬೇಕಾದ ಜಾಗ ಗಾಳಿ ಬರುವ ದಿಕ್ಕಲ್ಲೇ ಇದ್ದರೆ ನೇರವಾಗಿ ಹೋಗಲು ಆಗುವುದಿಲ್ಲ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಂತ ಅಂಕುಡೊಂಕಾಗಿ ಹೋಗಬೇಕು. 45 ಡಿಗ್ರಿ ಕೋನದಲ್ಲಿ ಹೋದರೆ ದೂರ 1.4 ಪಟ್ಟಾಗುತ್ತದೆ. ನಕ್ಷೆಯ ಮೇಲೆ 6 ನಾಟಿಕಲ್ ಮೈಲಿ ಇದ್ದದ್ದು ಎಂಟೂವರೆ ಆಯಿತು. 3 ನಾಟ್‌ನಲ್ಲಿ ಹೆಚ್ಚುಕಡಿಮೆ ಮೂರು ಗಂಟೆ. ಅಲ್ಲಿಗೆ ಬೆಳಿಗ್ಗೆ 11ಕ್ಕೆ ಹೊರಟವರು ಮಧ್ಯಾಹ್ನ 2ಕ್ಕೆ ಮುಟ್ಟುತ್ತೀರಿ. ಒಳ್ಳೆಯದೇ. ಅದೇ 15 ಮೈಲಿ ದೂರದ ರೆಸಾರ್ಟ್ ಆರಿಸಿದ್ದರೆ? ಸಂಜೆ ಆರಾಗುತ್ತದೆ, ಗಾಳಿ ಸ್ವಲ್ಪ ಕೈಕೊಟ್ಟರೂ ಕತ್ತಲಲ್ಲಿ, ಗೊತ್ತಿಲ್ಲದ ಡಾಕನ್ನು ಟಾರ್ಚ್ ಹಿಡಿದು ಹುಡುಕುತ್ತಾ ಇರುತ್ತೀರಿ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ 5ರಿಂದ 8 ನಾಟಿಕಲ್ ಮೈಲಿ ಸಾಕು. ಅವಮಾನ ಏನಿಲ್ಲ. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಗಾಳಿಯ ಜೊತೆಗೆ ಬರುವ ಹಾಗೆ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲ ದಿನ ಮೈಯಲ್ಲಿ ಕಸುವಿರುತ್ತದೆ, ಕಷ್ಟದ ಕೆಲಸ ಆಗಲೇ ಮುಗಿಯಲಿ. ಎರಡನೇ ದಿನ ಮಾಸ್ಟ್ ಇಳಿಸುವ ಕೆಲಸ ಬೇರೆ ಕಾದಿರುತ್ತದೆ.

ಇನ್ನೂ ಸುಲಭದ ದಾರಿ ಒಂದಿದೆ, ಯಾಕೋ ಜನ ಇದನ್ನು ಯೋಚಿಸುವುದೇ ಇಲ್ಲ. ರೆಸಾರ್ಟಿನಲ್ಲೇ ರ‍್ಯಾಂಪ್ ಇದ್ದರೆ ಅಲ್ಲೇ ದೋಣಿ ಇಳಿಸಿ, ಅಲ್ಲೇ ಕಟ್ಟಿ, ಅಲ್ಲಿಂದಲೇ ದಿನಾ ಒಂದೊಂದು ದಿಕ್ಕಿಗೆ ಸುತ್ತಾಡಿ ಬನ್ನಿ. ಕಾರು ಕೈಗೆ ಸಿಗುವ ಹಾಗೆ ಇರುತ್ತದೆ, ಗಾಳಿ ಕೆಟ್ಟರೆ ವಾಪಸ್ ಮುಟ್ಟುವ ಚಿಂತೆ ಇಲ್ಲ. ಚಿಕ್ಕ ಮಕ್ಕಳಿದ್ದವರಿಗೆ ನಾನು ಹೇಳುವುದು ಇದನ್ನೇ.

ಫೋನ್ ಮಾಡಿ, ಸರಿಯಾದ ಪ್ರಶ್ನೆ ಕೇಳಿ

'ಗೆಸ್ಟ್ ಡಾಕ್ ಇದೆ' ಅಂತ ಬರೆದಿದ್ದರೆ ಸಾಲದು. ಯಾರ ಗೆಸ್ಟ್ ಅನ್ನುವುದೇ ಪ್ರಶ್ನೆ. ಕೆಲವು ಕಡೆ ಊಟಕ್ಕೆ ಬಂದವರು ಎರಡು ಗಂಟೆ ದೋಣಿ ಕಟ್ಟಲು ಮಾತ್ರ. ಕೆಲವು ಕಡೆ ರೂಮು ತಗೊಂಡವರಿಗೆ ಮಾತ್ರ. ಕೆಲವು ಕಡೆ ಯಾರು ಬೇಕಾದರೂ ರಾತ್ರಿ ಕಟ್ಟಿ ದೋಣಿಯಲ್ಲೇ ಮಲಗಬಹುದು. ಇದನ್ನು ಮೊದಲೇ ಕೇಳದೆ ಹೋದರೆ ಸಂಜೆ ಆರಕ್ಕೆ ಯಾರೋ ಬಂದು, ತುಂಬಾ ಮರ್ಯಾದೆಯಿಂದಲೇ, ಹಗ್ಗ ಬಿಚ್ಚಿ ಅನ್ನುತ್ತಾರೆ.

ನನಗೆ ಆದ ಒಂದು ಫಜೀತಿ ಹೇಳುತ್ತೇನೆ. ಒಂದು ರೆಸಾರ್ಟಿಗೆ ಫೋನ್ ಮಾಡಿ ಆಳ ಎಷ್ಟಿದೆ ಅಂತ ಕೇಳಿದೆ. ರಿಸೆಪ್ಷನ್‌ನಲ್ಲಿದ್ದವರು 'ಎಂಥಾ ದೋಣಿ ಬೇಕಾದರೂ ಬರುತ್ತೆ ಸರ್' ಅಂದರು. ನಂಬಿಕೊಂಡು ಹೋದೆ. ಡಾಕಿಗೆ ಇನ್ನು ಹದಿನೈದು ಮೀಟರ್ ಇದೆ ಅನ್ನುವಾಗ ದೋಣಿ ಸುಮ್ನೆ ನಿಂತಿತು. ಸದ್ದಿಲ್ಲ, ಗುದ್ದಿಲ್ಲ, ಮೆತ್ತಗೆ ಕೆಸರಿನಲ್ಲಿ ಕೂತಿತು. ಕೀಲ್, ಅಂದರೆ ದೋಣಿಯ ತಳದಿಂದ ನೀರೊಳಗೆ ಇಳಿಬಿಡುವ ಭಾರದ ಹಲಗೆ, ಮೇಲೆತ್ತಿದೆ, ಆದರೂ ಅಲುಗಲಿಲ್ಲ. ನೋಡಿದರೆ ಈಗ ಕಚ್ಚಿಕೊಂಡಿದ್ದು ಚುಕ್ಕಾಣಿ. ಎಷ್ಟೋ ದೋಣಿಗಳಲ್ಲಿ ಕೀಲ್ ಎತ್ತಿದ ಮೇಲೂ ಚುಕ್ಕಾಣಿ ಅದಕ್ಕಿಂತ ಕೆಳಗೇ ಇಳಿದಿರುತ್ತದೆ, ಆವತ್ತಿನವರೆಗೆ ಅದು ನನ್ನ ತಲೆಗೇ ಹೋಗಿರಲಿಲ್ಲ. ಡಾಕಿನ ಮೇಲೆ ಕಾಫಿ ಕಪ್ ಹಿಡಿದು ನಿಂತ ಜನರೆಲ್ಲ ನೋಡುತ್ತಾ ಇದ್ದರು. ಜಲಾಶಯದಲ್ಲಿ ಆ ಸಲ ನೀರು ಕಡಿಮೆ ಇತ್ತು, ಅಷ್ಟೇ ವಿಷಯ. ರಿಸೆಪ್ಷನ್‌ನವರಿಗೆ ಅದು ಹೇಗೆ ಗೊತ್ತಿರಬೇಕು?

ಅವತ್ತಿನಿಂದ ಡಾಕ್ ನೋಡಿಕೊಳ್ಳುವವರಿಗೇ ಫೋನ್ ಕೊಡಿ ಅಂತ ಕೇಳುತ್ತೇನೆ. ಆಳ ಎಷ್ಟು ಅಂತ ಕೇಳುವ ಬದಲು, 'ಈ ವಾರ ಅಲ್ಲಿ ಯಾವ ಯಾವ ದೋಣಿ ಕಟ್ಟಿದ್ದವು, ಅವುಗಳಲ್ಲಿ ಹಾಯಿದೋಣಿ ಇತ್ತಾ' ಅಂತ ಕೇಳುತ್ತೇನೆ. ಉತ್ತರ ತಾನಾಗೇ ಬರುತ್ತದೆ. ಸಮುದ್ರದ ಕಡೆ ಆದರೆ ಇಳಿತದ ಹೊತ್ತಲ್ಲಿ ಎಷ್ಟು ನೀರು ಅಂತ ಕೇಳಿ. ಡಾಕ್ ತೇಲುವಂಥದ್ದಾ, ಕಂಬ ನೆಟ್ಟು ಕಟ್ಟಿದ್ದಾ? ಹಗ್ಗ ಕಟ್ಟಲು ಕ್ಲೀಟ್ (ಎರಡು ಕೊಂಬಿನ ಗೂಟ) ಇದೆಯಾ, ಬರೀ ಉಂಗುರವಾ? ದಾರಿಯಲ್ಲಿ ಸೇತುವೆ, ಕರೆಂಟ್ ತಂತಿ ಇದ್ದರೆ ಅದರ ಎತ್ತರ ಎಷ್ಟು? ನಿಮ್ಮ ಮಾಸ್ಟಿನ ಎತ್ತರವನ್ನು ನೀರಿನ ಮಟ್ಟದಿಂದ ತುದಿಯ ಆಂಟೆನಾವರೆಗೆ ಅಳೆದು ಒಂದು ಕಡೆ ಬರೆದಿಟ್ಟುಕೊಳ್ಳಿ, ಅಂದಾಜು ಬೇಡ. ಸ್ಪೀಡ್ ಬೋಟುಗಳು ಎಷ್ಟು ಹತ್ತಿರ ಓಡಾಡುತ್ತವೆ ಅಂತಲೂ ಕೇಳಿ. ಡಾಕಿನ ಹೊರಮೈಗೆ ಕಟ್ಟಿದರೆ ರಾತ್ರಿಯೆಲ್ಲ ಅವುಗಳ ಅಲೆಗೆ ದೋಣಿ ಕುಣಿಯುತ್ತದೆ. ಒಳಮೈ ಸಿಗುತ್ತಾ ಅಂತ ಕೇಳುವುದಕ್ಕೆ ಸಂಕೋಚ ಪಡಬೇಡಿ, 22 ಅಡಿಯ ದೋಣಿಗೆ ಜಾಗ ಮಾಡಿಕೊಡುವುದು ಅವರಿಗೂ ಸುಲಭ.

ಆಫೀಸು ಮುಚ್ಚಿದ ಮೇಲೆ ಬಂದರೆ ಶೌಚಾಲಯದ ಬೀಗ ಯಾರು ತೆಗೆಯುತ್ತಾರೆ? ಇದು ಸಣ್ಣ ಪ್ರಶ್ನೆ ಅನ್ನಿಸುತ್ತದೆ, ರಾತ್ರಿ ಹನ್ನೊಂದಕ್ಕೆ ಅನ್ನಿಸುವುದಿಲ್ಲ.

ಕೊನೆಯದಾಗಿ ಒಂದು ಮಾತು ಕೇಳಿಟ್ಟುಕೊಳ್ಳಿ. ಭಾನುವಾರ ಹವಾಮಾನ ಕೆಟ್ಟರೆ ದೋಣಿಯನ್ನು ಒಂದೆರಡು ದಿನ ಅಲ್ಲೇ ಬಿಡಬಹುದಾ? ಅವರು ಹೂಂ ಅಂದರೆ ನಿಮ್ಮ ಪ್ರಯಾಣದ ಅರ್ಧ ಅಪಾಯ ಅಲ್ಲಿಗೇ ಕಳೆಯಿತು. ಸೋಮವಾರ ಕೆಲಸಕ್ಕೆ ಹೋಗಲೇಬೇಕು ಅನ್ನುವ ಒಂದೇ ಕಾರಣಕ್ಕೆ ಹೊರಡಬಾರದ ಗಾಳಿಯಲ್ಲಿ ಹೊರಟವರು ಬಹಳ ಜನ. ಟ್ಯಾಕ್ಸಿ ಹಿಡಿದು ಹೋಗಿ ಕಾರು, ಟ್ರೈಲರ್ ತಂದರಾಯಿತು.

ಟ್ರೈಲರ್

ಕ್ಯಾಟಲಾಗ್‌ನಲ್ಲಿ ಬರೆದಿರುವುದು ಖಾಲಿ ದೋಣಿಯ ತೂಕ. ಕ್ಯಾಟಲಿನಾ 22 ತಗೊಳ್ಳಿ. 1969ರಿಂದ ತಯಾರಾಗುತ್ತಾ ಬಂದ, ಟ್ರೈಲರ್ ದೋಣಿಗಳಲ್ಲಿ ತುಂಬಾ ಪರಿಚಿತವಾದ ಮಾದರಿ. ಮೇಲೆತ್ತುವ ಕೀಲ್ ಇರುವ ಹಳೆಯ ಮಾದರಿಯ ತೂಕ ಒಂದು ಟನ್‌ನ ಆಸುಪಾಸು. ಅದಕ್ಕೆ ಟ್ರೈಲರ್, ಮೋಟರ್, ಪೆಟ್ರೋಲ್, ನೀರು, ಲಂಗರು, ಬ್ಯಾಟರಿ, ನಿಮ್ಮ ಬಟ್ಟೆಬರೆ ಎಲ್ಲ ಸೇರಿದರೆ ಒಂದೂವರೆ ಟನ್ ದಾಟುವುದು ಏನೂ ಕಷ್ಟವಲ್ಲ. ಒಮ್ಮೆ ವೇಬ್ರಿಡ್ಜಿಗೆ ಹಾಕಿ ನೋಡಿ, ನಿಮ್ಮ ಕಾರು ಎಳೆಯಬಹುದಾದ ತೂಕದ ಜೊತೆ ಹೋಲಿಸಿ.

ನೀರನ್ನೇ ಭಾರವಾಗಿ ತುಂಬಿಕೊಳ್ಳುವ ದೋಣಿಗಳೂ ಇವೆ, ಮ್ಯಾಕ್‌ಗ್ರೆಗರ್ 26ಎಕ್ಸ್ ತರಹದವು. ರಸ್ತೆಯಲ್ಲಿ ಖಾಲಿ ಟ್ಯಾಂಕ್, ನೀರಿಗಿಳಿದ ಮೇಲೆ ಅರ್ಧ ಟನ್‌ಗಿಂತ ಜಾಸ್ತಿ ನೀರು ಒಳಗೆ. ಎಳೆಯಲು ಹಗುರ. ಆದರೆ ಟ್ಯಾಂಕ್ ತುಂಬುವ ಮೊದಲು ಹಾಯಿ ಏರಿಸಬೇಡಿ, ಭಾರವಿಲ್ಲದ ದೋಣಿ ಮಗುಚಿಕೊಳ್ಳಬಹುದು.

ಒಟ್ಟು ತೂಕದ ಶೇಕಡಾ 5ರಿಂದ 10ರಷ್ಟು ಕಾರಿನ ಕೊಕ್ಕೆಯ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆ ಬಿದ್ದರೆ, ಅಂದರೆ ಭಾರವೆಲ್ಲ ಚಕ್ರದ ಹಿಂದಕ್ಕೆ ಹೋದರೆ, ವೇಗ ಹೆಚ್ಚಾದ ಹಾಗೆ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಲಗೇಜೆಲ್ಲ ದೋಣಿಯ ಹಿಂದಿನ ಸೀಟಿನ ಕೆಳಗೆ ತುರುಕುವವರು ಇದನ್ನು ನೆನಪಿಡಿ.

ಚಕ್ರದ ಬೇರಿಂಗ್ ಬಗ್ಗೆ ಎರಡು ಮಾತು ಜಾಸ್ತಿಯೇ ಹೇಳಬೇಕು, ಯಾಕೆಂದರೆ ಟ್ರೈಲರ್ ರಸ್ತೆ ಬದಿ ನಿಲ್ಲುವುದು ಹೆಚ್ಚಾಗಿ ಇದರಿಂದಲೇ ಅಥವಾ ಹಳೇ ಟೈರಿನಿಂದ. ಹೊರಟು ಅರ್ಧ ಗಂಟೆಗೆ ಒಮ್ಮೆ ನಿಲ್ಲಿಸಿ, ಚಕ್ರದ ಮಧ್ಯದ ಹಬ್ಬಿಗೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಅಥವಾ ಎರಡು ಕಡೆಯ ಚಕ್ರದಲ್ಲಿ ಒಂದು ಮಾತ್ರ ಬಿಸಿ ಇದ್ದರೆ, ಮುಂದೆ ಹೋಗಬೇಡಿ. ಇನ್ನೊಂದು, ಮುಟ್ಟಿದ ತಕ್ಷಣ ಬಿಸಿ ಹಬ್ಬನ್ನು ತಣ್ಣೀರಿಗೆ ಇಳಿಸಬೇಡಿ. ಒಳಗಿನ ಬಿಸಿ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಗ್ರೀಸ್ ಕೆಡುತ್ತದೆ. ಹೇಗೂ ಮಾಸ್ಟ್ ನಿಲ್ಲಿಸಲು ಮುಕ್ಕಾಲು ಗಂಟೆ ಬೇಕಲ್ವಾ, ಅಷ್ಟರಲ್ಲಿ ಆರುತ್ತದೆ.

ಮಾಸ್ಟ್ ನಿಲ್ಲಿಸುವ ಮುಕ್ಕಾಲು ಗಂಟೆ

ಈ ಕೆಲಸ ರ‍್ಯಾಂಪಿನ ಮೇಲಲ್ಲ, ಪಕ್ಕದ ಖಾಲಿ ಜಾಗದಲ್ಲಿ. ರ‍್ಯಾಂಪ್ ಅಡ್ಡಗಟ್ಟಿ ನಿಂತು ಹಗ್ಗದ ಗಂಟು ಬಿಡಿಸುವವರನ್ನು ಯಾರೂ ಕ್ಷಮಿಸುವುದಿಲ್ಲ. ಜಾಗ ನೋಡಿ ನಿಲ್ಲಿಸಿದ ಮೇಲೆ ಮೊದಲು ತಲೆ ಎತ್ತಿ ನೋಡಿ. ಮೇಲೆ ಕರೆಂಟ್ ತಂತಿ ಇದೆಯಾ? ಇಲ್ಲಿಂದ ರ‍್ಯಾಂಪಿನವರೆಗಿನ ದಾರಿಯಲ್ಲಿ ಇದೆಯಾ? ಅಲ್ಯೂಮಿನಿಯಂ ಮಾಸ್ಟ್ ತಂತಿಗೆ ತಾಗಿ ಜನ ಸತ್ತಿದ್ದಾರೆ. ತಂತಿ ಕಂಡರೆ ಜಾಗ ಬದಲಿಸಿ, ಅಂದಾಜು ಹಾಕುತ್ತಾ ನಿಲ್ಲಬೇಡಿ.

ಮಾಸ್ಟ್ ನಿಲ್ಲಿಸುವಾಗ ಕಣ್ಣಿಡಬೇಕಾದ್ದು ಮಾಸ್ಟಿನ ಮೇಲಲ್ಲ, ಎರಡೂ ಬದಿಯಿಂದ ಅದನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳ ಬುಡದ ಮೇಲೆ. ಅಲ್ಲಿ ಟರ್ನ್‌ಬಕಲ್ ಇರುತ್ತದೆ, ತಿರುಗಿಸಿ ಬಿಗಿ ಮಾಡುವ ಕಂಚು ಅಥವಾ ಸ್ಟೀಲಿನ ತುಂಡು. ಮಾಸ್ಟ್ ಮಲಗಿದ್ದಾಗ ಅದು ಪಕ್ಕಕ್ಕೆ ವಾಲಿಕೊಂಡಿರುತ್ತದೆ. ಮಾಸ್ಟ್ ಏಳುತ್ತಾ ಬಂದ ಹಾಗೆ ಅದು ತಾನಾಗಿ ನೆಟ್ಟಗಾಗಬೇಕು. ಹತ್ತು ಸಲದಲ್ಲಿ ಒಂಬತ್ತು ಸಲ ಆಗುತ್ತದೆ. ಹತ್ತನೇ ಸಲ ಅಡ್ಡಡ್ಡ ಸಿಕ್ಕಿಕೊಳ್ಳುತ್ತದೆ, ಮೇಲಿಂದ ನೀವು ಎಳೆಯುತ್ತಾ ಇರುತ್ತೀರಿ, ಯಾಕೋ ಭಾರ ಅನ್ನಿಸುತ್ತದೆ, ಇನ್ನೂ ಸ್ವಲ್ಪ ಜೋರು ಹಾಕುತ್ತೀರಿ, ಟಕ್ ಅಂತ ಒಂದು ಸದ್ದು. ನೋಡಿದರೆ ಬೆರಳು ಗಾತ್ರದ ಬೋಲ್ಟು ಬಾಳೆಹಣ್ಣಿನ ಹಾಗೆ ಬಾಗಿದೆ. ಅಲ್ಲಿಗೆ ಆ ದಿನದ ಪ್ರಯಾಣ ಮುಗಿಯಿತು. ಅದಕ್ಕೇ ನಿಯಮ ಒಂದೇ: ಭಾರ ಅನ್ನಿಸಿದರೆ ನಿಲ್ಲಿಸಿ, ಕೆಳಗೆ ನೋಡಿ. ಇಬ್ಬರಿದ್ದರೆ ಒಬ್ಬರ ಕೆಲಸ ಬರೀ ನೋಡುವುದು. ತಂತಿ ಕಿಟಕಿಯ ಅಂಚಿಗೋ ಟ್ರೈಲರಿನ ಕೊಕ್ಕೆಗೋ ಸಿಕ್ಕಿಕೊಂಡಿದ್ದರೆ ಅವರೇ ಕೂಗಬೇಕು.

ಈ ತಂತಿಗಳನ್ನು ಹಿಡಿದಿಡುವ ಪಿನ್ನಿನ ತುದಿಗೆ ಹಾಕುವ ಸಣ್ಣ ಉಂಗುರಗಳಿವೆಯಲ್ಲ, ಅವು ಬಿದ್ದೇ ಬೀಳುತ್ತವೆ. ಹುಲ್ಲಲ್ಲಿ ಬಿದ್ದರೆ ಸಿಗುವುದಿಲ್ಲ, ನೀರಲ್ಲಿ ಬಿದ್ದರೆ ಕೇಳಲೇಬೇಡಿ. ಒಂದು ಡಜನ್ ಹೆಚ್ಚಿಗೆ ಇಟ್ಟುಕೊಳ್ಳಿ. ಸರಿಯಾಗಿ ಹಾಕಿದ ಮೇಲೆ ಮೇಲೊಂದು ಸುತ್ತು ಟೇಪ್ ಸುತ್ತಿ, ಹಾಯಿ ಹರಿಯುವುದು ತಪ್ಪುತ್ತದೆ.

ಹೊರಡುವ ಮುಂಚಿನ ವಾರ ಮನೆ ಮುಂದೆ ಒಂದು ಸಲ ಇದನ್ನೆಲ್ಲ ಮಾಡಿ, ಗಡಿಯಾರ ನೋಡಿ. ಬಂದ ಸಮಯಕ್ಕೆ ಅರ್ಧ ಗಂಟೆ ಸೇರಿಸಿ. ಅದೇ ನಿಮ್ಮ ನಿಜವಾದ ಲೆಕ್ಕ.

ಇನ್ನು ರ‍್ಯಾಂಪ್. ಇಳಿಯುವ ಮೊದಲೇ ದೋಣಿಯ ನೀರು ಬಸಿಯುವ ತೂತಿಗೆ ಬಿರಡೆ ಹಾಕಿ. ಎಲ್ಲರೂ ಒಮ್ಮೆಯಾದರೂ ಮರೆಯುತ್ತಾರೆ, ನಾನು ಮರೆತಿದ್ದೇನೆ. ಟ್ರೈಲರ್ ಲೈಟಿನ ಪ್ಲಗ್ ಕಿತ್ತಿಡಿ. ಹಿಂದಿನ ಬೆಲ್ಟ್ ಬಿಚ್ಚಿ, ಮೂತಿಯನ್ನು ಟ್ರೈಲರಿಗೆ ಬಿಗಿದಿಡುವ ಮುಂದಿನ ವಿಂಚ್ ಪಟ್ಟಿಯನ್ನು ಮಾತ್ರ ದೋಣಿ ತೇಲುವವರೆಗೆ ಬಿಚ್ಚಬೇಡಿ. ಮುಂದೊಂದು ಹಿಂದೊಂದು ಹಗ್ಗ ಕಟ್ಟಿರಲಿ, ದೋಣಿ ಡಾಕಿಗೆ ಉಜ್ಜದ ಹಾಗೆ ಫೆಂಡರ್ (ಗಾಳಿ ತುಂಬಿದ ದಿಂಬು) ಇಳಿಬಿಟ್ಟಿರಲಿ. ಕಾರಿನ ಕಿಟಕಿ ಇಳಿಸಿಕೊಂಡು ಹಿಂದಕ್ಕೆ ಹೋಗಿ, ಹೊರಗಿನವರು ಕೂಗಿದ್ದು ಕೇಳಬೇಕಲ್ಲ.

ಹಾಯಿ ಬಿಚ್ಚಿ ಹೋಗುವಾಗ

ಇದು ನಿಮಗೆ ಗೊತ್ತಿರುವ ಕೆಲಸ, ಜಾಸ್ತಿ ಹೇಳುವುದಿಲ್ಲ. ಬೇಸಿಗೆಯಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಗಾಳಿ ಕಡಿಮೆ, ನೆಲ ಕಾದ ಹಾಗೆ ಮಧ್ಯಾಹ್ನದ ಮೇಲೆ ಜೋರು. ಗುಡುಗು ಮಳೆಯೂ ಹೆಚ್ಚಾಗಿ ಮಧ್ಯಾಹ್ನದ ಮೇಲೇ. ಅದಕ್ಕೆ 3 ಗಂಟೆಯೊಳಗೆ ಡಾಕ್ ಮುಟ್ಟುವ ಹಾಗೆ ಹೊರಡಿ. ಹಾಯಿ ಸಣ್ಣದು ಮಾಡಬೇಕಾ ಬೇಡವಾ ಅನ್ನುವ ಅನುಮಾನ ಬಂದರೆ ಮಾಡಿಬಿಡಿ. ನೊರೆಯ ಅಲೆ ಎಲ್ಲ ಕಡೆ ಕಾಣಲು ಶುರುವಾದಾಗ ಸಣ್ಣ ದೋಣಿಯ ಮೇಲೆ ಮುಂದಕ್ಕೆ ಹೋಗಿ ಹಾಯಿ ಸುತ್ತುವುದು ಬಲು ಕಷ್ಟ. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ. ಯಾವ ದಾರಿ, ಎಷ್ಟು ಗಂಟೆಗೆ ಮುಟ್ಟುತ್ತೀರಿ ಅಂತ ದಡದಲ್ಲಿರುವ ಒಬ್ಬರಿಗೆ ಹೇಳಿಟ್ಟಿರಿ, ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕಿ.

ಅರ್ಧ ದಾರಿಯಲ್ಲಿ ಒಂದು ಮರೆಯ ಜಾಗ ನಕ್ಷೆಯಲ್ಲಿ ಗುರುತು ಮಾಡಿಕೊಂಡಿರಿ. ಆಗದು ಅನ್ನಿಸಿದರೆ ಅಲ್ಲೇ ಲಂಗರು ಹಾಕುವುದು. ಹಗ್ಗ ಆಳದ ಏಳು ಪಟ್ಟು ಬಿಡಬೇಕು. ಆಳ ಅಂದರೆ ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರವನ್ನೂ ಸೇರಿಸಿದ್ದು. 3 ಮೀಟರ್ ನೀರು, 1 ಮೀಟರ್ ಮೂತಿ ಇದ್ದರೆ 28 ಮೀಟರ್ ಹಗ್ಗ. ಉಬ್ಬರ ಬರುವ ಜಾಗವಾದರೆ ಉಬ್ಬರದ ಎತ್ತರವೂ ಸೇರಲಿ.

ಡಾಕಿಗೆ ಬರುವುದು

ಎಲ್ಲರಿಗೂ ಭಯ ಇರುವುದು ಇಲ್ಲಿಯೇ. ನೋಡುವವರು ಇರುತ್ತಾರೆ ನೋಡಿ, ಅದಕ್ಕೆ.

ಡಾಕಿನಿಂದ ನೂರಿನ್ನೂರು ಮೀಟರ್ ದೂರದಲ್ಲೇ ಹಾಯಿ ಇಳಿಸಿ ಕಟ್ಟಿ, ಮೋಟರ್ ಶುರುಮಾಡಿ. ಗೇರ್ ಮುಂದಕ್ಕೆ, ಹಿಂದಕ್ಕೆ ಎರಡೂ ಬೀಳುತ್ತದಾ ನೋಡಿ. ನೀರಿದ್ದರೆ ಕೀಲ್ ಕೆಳಗೇ ಇರಲಿ. ಮೇಲೆತ್ತಿದರೆ ದೋಣಿ ಗಾಳಿಗೆ ಎಲೆ ತೇಲಿದ ಹಾಗೆ ಪಕ್ಕಕ್ಕೆ ಜಾರುತ್ತದೆ. ಎರಡೂ ಬದಿಗೆ ಫೆಂಡರ್ ಕಟ್ಟಿ, ಯಾಕೆಂದರೆ ಕೊನೇ ಗಳಿಗೆಯಲ್ಲಿ 'ಆ ಕಡೆ ಕಟ್ಟಿ' ಅಂತ ಯಾರಾದರೂ ಕೈ ಬೀಸುತ್ತಾರೆ.

ಮೊದಲ ಸಲ ಕಟ್ಟಲು ಹೋಗಬೇಡಿ. ಸುಮ್ನೆ ಒಂದು ಸುತ್ತು ಪಕ್ಕದಲ್ಲಿ ಹಾದುಹೋಗಿ. ಬಾವುಟ ಯಾವ ಕಡೆ ಹಾರುತ್ತಿದೆ, ಕಂಬದ ಬುಡದಲ್ಲಿ ನೀರು ಯಾವ ಕಡೆ ಸುಳಿ ಹಾಕುತ್ತಿದೆ ನೋಡಿ. ಗಾಳಿ, ಸೆಳೆತ ಎರಡರಲ್ಲಿ ಯಾವುದು ಜೋರೋ ಅದಕ್ಕೆ ಎದುರಾಗಿ ಬನ್ನಿ. ಆಗ ಮೋಟರ್ ನಿಲ್ಲಿಸಿದರೆ ಅದೇ ನಿಮ್ಮ ಬ್ರೇಕು. ಬೆನ್ನ ಹಿಂದಿನ ಗಾಳಿಯಲ್ಲಿ ಬಂದರೆ ಬ್ರೇಕೇ ಇಲ್ಲ.

ನನಗೆ ತುಂಬಾ ಕೈಹಿಡಿದದ್ದು ದೋಣಿಯ ನಡುವಿನಿಂದ ಬಿಡುವ ಒಂದೇ ಹಗ್ಗ. ನಡುಭಾಗದಲ್ಲಿ ಕ್ಲೀಟ್ ಇಲ್ಲದಿದ್ದರೆ ಜಿಬ್ ಟ್ರ್ಯಾಕಿನ (ಮುಂದಿನ ಹಾಯಿಯ ಹಗ್ಗಕ್ಕಾಗಿ ಡೆಕ್ಕಿನ ಮೇಲಿರುವ ಹಳಿ) ಮೇಲೆ ಕೂರುವ ಕ್ಲೀಟ್ ಸಿಗುತ್ತದೆ, ಹಾಕಿಸಿಕೊಳ್ಳಿ. ಸುಮಾರು 20-30 ಡಿಗ್ರಿ ಓರೆಯಲ್ಲಿ ನಿಧಾನ ಬಂದು, ಕೊನೆಗೆ ಡಾಕಿಗೆ ಸಮಾನಾಂತರ ತಿರುಗಿಸಿ. ನಿಮ್ಮ ಜೊತೆಯವರು ಮಾಸ್ಟಿನ ಪಕ್ಕದ ತಂತಿ ಹಿಡಿದು ನಿಂತಿರಲಿ, ದೋಣಿಯ ಮೂತಿಯ ಮೇಲೆ ಬೇಡ. ಡಾಕ್ ಒಂದು ಹೆಜ್ಜೆ ದೂರಕ್ಕೆ ಬಂದಾಗ ಇಳಿಯಬೇಕು, ಹಾರಬಾರದು. ನಡುವಿನ ಹಗ್ಗವನ್ನು ಡಾಕಿನ ಮೇಲೆ ಹಿಂದಕ್ಕಿರುವ ಕ್ಲೀಟಿಗೆ ಒಂದು ಸುತ್ತು ಹಾಕಿ ಹಿಡಿದರೆ ಸಾಕು. ನೀವು ಮೋಟರನ್ನು ಅತಿ ನಿಧಾನವಾಗಿ ಮುಂದಕ್ಕೆ ಹಾಕಿ, ದೋಣಿ ಡಾಕಿನಿಂದ ಆಚೆ ತಿರುಗುವ ಹಾಗೆ ಚುಕ್ಕಾಣಿ ಹಿಡಿಯಿರಿ. ದೋಣಿ ಮುಂದೆ ಹೋಗಲಾರದೆ, ಮೂತಿ ತಿರುಗಿಸಲಾರದೆ, ಮೆಲ್ಲಗೆ ಬಂದು ಡಾಕಿಗೆ ಮೈ ಒತ್ತಿ ನಿಲ್ಲುತ್ತದೆ. ಗಾಳಿ ಆಚೆ ತಳ್ಳುತ್ತಿದ್ದರೂ ನಿಲ್ಲುತ್ತದೆ. ಉಳಿದ ಹಗ್ಗಗಳನ್ನು ಆರಾಮಾಗಿ ಕಟ್ಟಿಕೊಳ್ಳಬಹುದು. ಮೊದಲ ಸಲ ಇದು ಕೆಲಸ ಮಾಡಿದಾಗ ನನಗೆ ಮಾಟ ಮಾಡಿದ ಹಾಗೆ ಅನ್ನಿಸಿತ್ತು.

ಕೈ ಕಾಲು ಡಾಕಿಗೂ ದೋಣಿಗೂ ನಡುವೆ ಇಡಬೇಡಿ. ಗುದ್ದಿದರೆ ಗುದ್ದಲಿ, ಫೈಬರ್ ರಿಪೇರಿ ಆಗುತ್ತದೆ.

ರಾತ್ರಿಗೆ ಕಟ್ಟುವಾಗ ನಾಲ್ಕು ಹಗ್ಗ. ಮುಂದೊಂದು, ಹಿಂದೊಂದು, ಮತ್ತೆ ಓರೆಯಾಗಿ ಎರಡು. ಓರೆಯವು ದೋಣಿ ಹಿಂದೆ ಮುಂದೆ ಓಡಾಡದ ಹಾಗೆ ಹಿಡಿಯುತ್ತವೆ, ಅವಕ್ಕೆ ದೋಣಿಯಷ್ಟೇ ಉದ್ದದ ಹಗ್ಗ ಬೇಕು. ನೈಲಾನ್ ಆಗಿರಲಿ, ಅದು ಸ್ವಲ್ಪ ಹಿಗ್ಗುತ್ತದೆ, ಅಲೆಯ ಎಳೆತ ಕ್ಲೀಟಿಗೆ ನೇರವಾಗಿ ಬೀಳುವುದಿಲ್ಲ. ಈ ಗಾತ್ರದ ದೋಣಿಗೆ 10 ಮಿಲಿಮೀಟರ್ ದಪ್ಪ ಸಾಕು.

ತೇಲುವ ಡಾಕಾದರೆ ಇಷ್ಟಕ್ಕೇ ಮಲಗಬಹುದು, ದೋಣಿಯ ಜೊತೆಗೆ ಡಾಕೂ ಏರಿಳಿಯುತ್ತದೆ. ಉಬ್ಬರ ಇಳಿತ ಇರುವ ಕಡೆ ಕಂಬದ ಮೇಲಿನ ಡಾಕಾದರೆ ಲೆಕ್ಕ ಹಾಕಲೇಬೇಕು. ನೀರು ಒಂದೇ ಸಮನೆ ಇಳಿಯುವುದಿಲ್ಲ. ಸಾಧಾರಣವಾಗಿ ಆರು ಗಂಟೆಯಲ್ಲಿ ಇಳಿಯುವ ನೀರನ್ನು 12 ಪಾಲು ಮಾಡಿದರೆ ಮೊದಲ ಗಂಟೆ 1 ಪಾಲು, ಆಮೇಲೆ 2, 3, 3, 2, ಕೊನೆಗೆ 1. ಒಟ್ಟು 2.4 ಮೀಟರ್ ಇಳಿತವಿದ್ದರೆ ನಡುವಿನ ಎರಡೇ ಗಂಟೆಯಲ್ಲಿ 1.2 ಮೀಟರ್ ಇಳಿದುಬಿಡುತ್ತದೆ. ನೀವು ಸ್ನಾನ ಮಾಡಿ ಊಟ ಮುಗಿಸಿ ಬರುವಷ್ಟರಲ್ಲಿ ಬಿಗಿಯಾಗಿ ಕಟ್ಟಿದ ದೋಣಿ ಹಗ್ಗದಲ್ಲಿ ನೇತಾಡುತ್ತಿರುತ್ತದೆ. ಅಂಥ ಕಡೆ ಉದ್ದ ಹಗ್ಗ, ದೂರದ ಕ್ಲೀಟ್. ನನ್ನನ್ನು ಕೇಳಿದರೆ ಮೊದಲ ವರ್ಷ ಅಂಥ ಡಾಕಿಗೆ ಹೋಗಲೇಬೇಡಿ.

ರಾತ್ರಿ

ಹಾಯಿ ಏರಿಸುವ ಹಗ್ಗಗಳನ್ನು ಮಾಸ್ಟಿನಿಂದ ದೂರ ಎಳೆದು ಪಕ್ಕದ ತಂತಿಗೆ ಕಟ್ಟಿ. ಇಲ್ಲದಿದ್ದರೆ ರಾತ್ರಿ ಗಾಳಿಗೆ ಟಣ್ ಟಣ್ ಟಣ್ ಅಂತ ಅಲ್ಯೂಮಿನಿಯಂ ಮೇಲೆ ಬಡಿಯುತ್ತಲೇ ಇರುತ್ತವೆ. ನಿಮಗೆ ಅದು ಜೋಗುಳ ಇರಬಹುದು, ಪಕ್ಕದ ದೋಣಿಯವರಿಗಲ್ಲ.

ರೂಮಾ, ದೋಣಿಯಲ್ಲೇ ಮಲಗುವುದಾ? ಮೊದಲ ಸಲ ಮನೆಯವರ ಜೊತೆ ಹೋಗುತ್ತಿದ್ದರೆ ರೂಮು ತಗೊಳ್ಳಿ. ಅವರಿಗೆ ಎರಡನೇ ಸಲ ಬರುವ ಮನಸ್ಸಾಗಬೇಕು ಅಲ್ವಾ. ಒಬ್ಬರೇ ಆದರೆ ದೋಣಿಯೇ ಚೆಂದ. ಬಾಗಿಲು ಪೂರ್ತಿ ಮುಚ್ಚಿ ಒಳಗೆ ಸ್ಟೌವ್ ಹಚ್ಚಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ.

ಕರೆಂಟ್ ಇರುವ ಡಾಕಿನ ಸುತ್ತ ಈಜಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಯಾವುದೋ ದೋಣಿಯ ವೈರಿಂಗ್ ಕೆಟ್ಟಿದ್ದರೆ ಕರೆಂಟ್ ನೀರಿಗೆ ಸೋರುತ್ತದೆ. ಸಿಹಿನೀರಿನಲ್ಲಿ ಇದು ಇನ್ನೂ ಅಪಾಯ, ಯಾಕೆಂದರೆ ಸಿಹಿನೀರಿಗಿಂತ ಮನುಷ್ಯನ ಮೈಯಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ. ಸ್ನಾಯು ಮರಗಟ್ಟಿ ಈಜು ಬಲ್ಲವರೂ ಮುಳುಗುತ್ತಾರೆ. ನೋಡುವವರಿಗೆ ಏನೂ ಕಾಣುವುದಿಲ್ಲ. ಈಜಬೇಕಾದರೆ ರೆಸಾರ್ಟಿನ ಈಜುವ ಜಾಗಕ್ಕೆ ಹೋಗಿ.

ವಾಪಸ್

ಎರಡನೇ ದಿನ ಬೆಳಿಗ್ಗೆ ತಿಂಡಿ ತಿಂದು ನಿಧಾನವಾಗಿ ಹೊರಡೋಣ ಅನ್ನಿಸುತ್ತದೆ. ಲೆಕ್ಕ ಹಿಂದಿನಿಂದ ಹಾಕಿ. ಮನೆಗೆ 8ಕ್ಕೆ ಮುಟ್ಟಬೇಕು, ದಾರಿ ಎರಡು ಗಂಟೆ, ಮಾಸ್ಟ್ ಇಳಿಸಿ ಕಟ್ಟಲು ಒಂದೂವರೆ ಗಂಟೆ, ರ‍್ಯಾಂಪಿನ ಸರದಿ ಅರ್ಧ ಗಂಟೆ. ಅಂದರೆ 4ಕ್ಕೆ ರ‍್ಯಾಂಪಿನಲ್ಲಿರಬೇಕು. ಗಾಳಿ ಕೈಕೊಟ್ಟು ಪೂರ್ತಿ ಮೋಟರಿನಲ್ಲೇ ಬರಬೇಕಾದರೂ ಸಾಕಾಗುವಷ್ಟು ಪೆಟ್ರೋಲ್ ಇರಲಿ. ರ‍್ಯಾಂಪಿನಿಂದ ಮೇಲೆ ಬಂದ ತಕ್ಷಣ, ಕಾರು ಅಲುಗಿಸುವ ಮೊದಲು, ಮತ್ತೆ ತಲೆ ಎತ್ತಿ ತಂತಿ ನೋಡಿ. ಸುಸ್ತಾದಾಗಲೇ ಮರೆಯುವುದು.

ಬಿರಡೆ ತೆಗೆದು ನೀರು ಬಸಿಯಿರಿ. ದೋಣಿ, ಟ್ರೈಲರ್, ಲಂಗರಿನ ಹಗ್ಗಕ್ಕೆ ಅಂಟಿದ ಪಾಚಿ, ಜೊಂಡು, ಕೆಸರು ಅಲ್ಲೇ ತೊಳೆದು ತೆಗೆಯಿರಿ. ಜೀಬ್ರಾ ಮಸೆಲ್ ಅನ್ನುವ ಉಗುರಿನಷ್ಟು ಸಣ್ಣ ಚಿಪ್ಪುಜೀವಿ ಹೀಗೆ ದೋಣಿಗಳಿಗೆ ಅಂಟಿಕೊಂಡೇ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಿ ಪೈಪುಗಳನ್ನೆಲ್ಲ ಮುಚ್ಚಿಹಾಕಿದೆ. ಬೇರೆ ನೀರಿಗೆ ಇಳಿಸುವ ಮೊದಲು ಎಲ್ಲ ಪೂರ್ತಿ ಒಣಗಲಿ. ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಬೆಲ್ಟುಗಳನ್ನು ಮತ್ತೆ ಬಿಗಿ ಮಾಡಿ, ಮೊದಲ ಕುಲುಕಾಟಕ್ಕೆ ಅವು ಸಡಿಲ ಆಗಿರುತ್ತವೆ. ಹಾಗೇ ಹಬ್ಬಿಗೂ ಅಂಗೈ ಇಟ್ಟು ನೋಡಿ.

ನಾನು ಮನೆಗೆ ಬಂದ ರಾತ್ರಿಯೇ ಒಂದು ಹಳೇ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಗೀಚುತ್ತೇನೆ. ಡಾಕಿನ ಹತ್ತಿರ ಕೋಲು ಬಿಟ್ಟು ಅಳೆದ ಆಳ, ಆವತ್ತಿನ ನೀರಿನ ಮಟ್ಟ, ಯಾವ ಮೂಲೆಗೆ ಸ್ಪೀಡ್ ಬೋಟಿನ ಅಲೆ ಬರುವುದಿಲ್ಲ. ಆಮೇಲೆ ಎಡಗಡೆ ಮೂರನೇ ಕ್ಲೀಟಿನ ಬೋಲ್ಟು ಸಡಿಲ, ಅದಕ್ಕೆ ಕಟ್ಟಬೇಡ.